ಪದರ ನಿಲ್ಲುತ್ತಿಲ್ಲವೇ? ದ್ರವಗಳ ಸಾಂದ್ರತೆ ಪ್ರಯೋಗದ ದೋಷ ನಿವಾರಣೆ ಕೈಪಿಡಿ

ಗಾಜಿನ ಲೋಟದಲ್ಲಿ ಎಲ್ಲಕ್ಕಿಂತ ಕೆಳಗೆ ಜೇನು. ಅದರ ಮೇಲೆ ಪುನರ್ಪುಳಿಯ (ಕೋಕಂ ಹಣ್ಣಿನ) ಕೆಂಪು ಬಣ್ಣ ಹಾಕಿದ ಉಪ್ಪುನೀರು. ಅದರ ಮೇಲೆ ಬರೀ ನೀರು. ತುದಿಯಲ್ಲಿ ಅರಿಶಿನ ಬೆರೆಸಿದ ತೆಂಗಿನೆಣ್ಣೆ. ನಾಲ್ಕೂ ಒಂದರ ಮೇಲೊಂದು ಕೂತರೆ ಪ್ರಯೋಗ ಸರಿಯಾಯಿತು ಎಂದರ್ಥ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಶಾಲೆಗಳಲ್ಲಿ, ರಜಾ ಶಿಬಿರಗಳಲ್ಲಿ, ಶಾಸ್ತ್ರೋತ್ಸವದ (ಕೇರಳದ ಶಾಲಾ ವಿಜ್ಞಾನ ಮೇಳದ) ತಯಾರಿಯಲ್ಲಿ ಇದನ್ನು ಮಾಡಿಸುವವರು ತುಂಬಾ ಜನ. ಸಾಮಾನೆಲ್ಲ ಅಡುಗೆಮನೆಯಲ್ಲೇ ಸಿಗುತ್ತದೆ, ಖರ್ಚು ಕಡಿಮೆ. ಆದರೆ ಮಕ್ಕಳು ಸುತ್ತ ಕೂತು ನೋಡುತ್ತಿರುವಾಗಲೇ ಬಣ್ಣ ಬೆರೆತುಹೋಗುತ್ತದೆ, ಎಣ್ಣೆ ಕದಡುತ್ತದೆ, ಉಪ್ಪುನೀರಿನಲ್ಲಿ ತೇಲಬೇಕಾದ ಮೊಟ್ಟೆ ತಳ ಹಿಡಿಯುತ್ತದೆ.

ಆಗ ಲೋಟವನ್ನು ಚೆಲ್ಲಿ ಮತ್ತೆ ಮೊದಲಿಂದ ಶುರು ಮಾಡುವುದೇ ರೂಢಿ. ದಯವಿಟ್ಟು ಚೆಲ್ಲಬೇಡಿ. ಕೆಟ್ಟುಹೋದ ಲೋಟದಲ್ಲಿ ಮಕ್ಕಳಿಗೆ ಕಲಿಯಲು ಇರುವಷ್ಟು ಸರಿಯಾಗಿ ಬಂದ ಲೋಟದಲ್ಲಿ ಇರುವುದಿಲ್ಲ. ಸರಿ ಬಂದರೆ ಚಪ್ಪಾಳೆ ತಟ್ಟಿ ಎದ್ದುಹೋಗುತ್ತಾರೆ. ಕೆಟ್ಟರೆ ಯಾಕೆ ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಅವರೇ ಉತ್ತರ ಹುಡುಕುವ ಹಾಗೆ ಮಾಡಲು ಈ ಬರಹ.

ಮೊದಲು ಎರಡು ಪ್ರಶ್ನೆ

ಯಾವ ದೋಷ ಬಂದರೂ ಎರಡೇ ಪ್ರಶ್ನೆ ಕೇಳಿ. ಈ ಎರಡು ದ್ರವ ಒಂದರಲ್ಲೊಂದು ಬೆರೆಯುತ್ತವೆಯೇ? ಒಂದೇ ಅಳತೆಯಲ್ಲಿ ತೆಗೆದುಕೊಂಡರೆ ಯಾವುದು ಜಾಸ್ತಿ ತೂಗುತ್ತದೆ, ಅಂದರೆ ಯಾವುದರ ಸಾಂದ್ರತೆ ಜಾಸ್ತಿ?

ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಎರಡನೇ ಪ್ರಶ್ನೆ ತೀರ್ಮಾನಿಸುತ್ತದೆ. ಆ ಗಡಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಮೊದಲನೇ ಪ್ರಶ್ನೆ ತೀರ್ಮಾನಿಸುತ್ತದೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ, ಹಾಗಾಗಿ ಅವುಗಳ ಗಡಿ ದಿನಗಟ್ಟಲೆ ಹಾಗೇ ಇರುತ್ತದೆ. ಉಪ್ಪುನೀರು ಮತ್ತು ಬರೀ ನೀರು ಬೆರೆಯುವ ಜಾತಿ. ಅವುಗಳ ಗಡಿ ನಿಮ್ಮ ಕೈಯ ಹದದ ಮೇಲೆ ನಿಂತಿದೆ.

ಎರಡನೇ ಪ್ರಶ್ನೆಗೆ ಉತ್ತರ ಊಹಿಸಬೇಡಿ, ತೂಗಿ ನೋಡಿ. ಒಂದು ಚಿಕ್ಕ ಬಾಟಲಿ ತೆಗೆದುಕೊಂಡು 50 ಮಿ.ಲೀ. ಬರುವಲ್ಲಿಗೆ ಗೆರೆ ಹಾಕಿ. ಔಷಧಿ ಅಂಗಡಿಯಲ್ಲಿ ಸಿಗುವ 10 ಮಿ.ಲೀ. ಸಿರಿಂಜಿನಲ್ಲಿ, ಸೂಜಿ ಇಲ್ಲದೆ, ಐದು ಸಲ ನೀರು ಎಳೆದು ಹಾಕಿದರೆ ಗೆರೆ ಎಲ್ಲಿ ಬರಬೇಕೆಂದು ಗೊತ್ತಾಗುತ್ತದೆ. ಆಮೇಲೆ ಪ್ರತಿ ದ್ರವವನ್ನೂ ಅದೇ ಗೆರೆಯವರೆಗೆ ತುಂಬಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು, ಖಾಲಿ ಬಾಟಲಿಯ ತೂಕ ಕಳೆಯಿರಿ. ನೀರು 50 ಗ್ರಾಂ ಹತ್ತಿರ ಬರುತ್ತದೆ. ತೆಂಗಿನೆಣ್ಣೆ 46. ಹಾಲು 51ರಿಂದ 52. ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರು 60. ಜೇನು 70ರ ಆಸುಪಾಸು.

ಈ ಅಂಕಿಗಳನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳು ತೂಗಿ ಬೋರ್ಡಿನ ಮೇಲೆ ಬರೆಯಲಿ. ಹೆಚ್ಚು ತೂಗಿದ್ದನ್ನು ಕೆಳಗೆ, ಕಡಿಮೆ ತೂಗಿದ್ದನ್ನು ಮೇಲೆ ಬರೆದರೆ ಲೋಟದ ಚಿತ್ರ ಬೋರ್ಡಿನಲ್ಲೇ ಮೂಡಿರುತ್ತದೆ.

ತೂಕ ಹೊಂದದಿದ್ದರೆ ಮೊದಲು ನೋಡಬೇಕಾದ್ದು: ಖಾಲಿ ಬಾಟಲಿ ಕಳೆದಿದ್ದೀರಾ, ಬಾಟಲಿಯ ಹೊರಗೆ ಎಣ್ಣೆ ಅಂಟಿದೆಯಾ, ಜೇನಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆಯಾ. ತಕ್ಕಡಿಯೇ ಇಲ್ಲದಿದ್ದರೆ ಬಟ್ಟೆ ತೂಗುಹಾಕುವ ಹ್ಯಾಂಗರಿನ ಎರಡು ತುದಿಗೆ ಎರಡು ಪೇಪರ್ ಕಪ್ ಕಟ್ಟಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಎಣ್ಣೆ, ಎರಡೂ 50 ಮಿ.ಲೀ. ಹಾಕಿದರೆ, ನೀರು ಇದ್ದ ಕಡೆ ವಾಲುವುದು ಕಣ್ಣಿಗೇ ಕಾಣುತ್ತದೆ.

ದೋಷ: ಉಪ್ಪುನೀರು, ಬರೀ ನೀರು ಎರಡೂ ಒಂದೇ ಬಣ್ಣವಾಯಿತು

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಲೋಟದ ಮಧ್ಯೆ ಕೆಂಪು ಒಂದು ಕಡೆ, ತಿಳಿ ಒಂದು ಕಡೆ ಇರಬೇಕಾದಲ್ಲಿ ಎಲ್ಲವೂ ಗುಲಾಬಿ. ಕಾರಣ ಒಂದಲ್ಲ. ಯಾವುದೆಂದು ತಿಳಿಯಲು ಬಣ್ಣ ಹೇಗೆ ಬೆರೆಯಿತು ಅನ್ನುವುದನ್ನು ನೋಡಿರಬೇಕು. ಅದಕ್ಕೇ ಸುರಿಯುವಾಗ ಒಬ್ಬ ಸುರಿಯಲಿ, ಇನ್ನೊಬ್ಬ ಕಣ್ಣನ್ನು ಲೋಟದ ಮಟ್ಟಕ್ಕೆ ತಂದು ನೋಡಲಿ.

ಸುರಿದ ಕೂಡಲೇ ಕೆಂಪು ಸುಳಿ ಸುಳಿಯಾಗಿ ಮೇಲೆದ್ದರೆ ಸುರಿದ ವೇಗ ಜಾಸ್ತಿ. ನಿಧಾನ ಹಾಕಿದರೂ ಕೆಂಪು ಎದ್ದು ತೇಲಿಬಂದರೆ ಉಪ್ಪು ಕಡಿಮೆ. ಮೇಲಿನಿಂದ ಕೆಂಪು ದಾರ ದಾರವಾಗಿ ಕೆಳಗಿಳಿದರೆ ಕ್ರಮವೇ ಉಲ್ಟಾ, ಅಂದರೆ ಬರೀ ನೀರು ಮೊದಲು ಬಿದ್ದು ಉಪ್ಪುನೀರು ಮೇಲೆ ಬಿದ್ದಿದೆ. ಮೊದಲು ಚೆನ್ನಾಗಿ ನಿಂತು, ಸಮಯ ಹೋದಂತೆ ಗಡಿ ಮಸುಕಾದರೆ ಅದು ದೋಷವೇ ಅಲ್ಲ. ಬೆರೆಯುವ ದ್ರವಗಳು ಕೊನೆಗೆ ಬೆರೆಯಲೇಬೇಕು. ಯಾರೂ ಕಲಕದೆ ಬಣ್ಣ ತಾನಾಗಿ ಹರಡಿಕೊಳ್ಳುವುದನ್ನು ಮಕ್ಕಳು ಮರುದಿನವೂ ಬಂದು ನೋಡಲಿ. ಲೋಟವನ್ನು ಅಲುಗಾಡದ ಕಡೆ ಇಡಿ. ಫ್ಯಾನಿನ ಕೆಳಗಿನ ಬೆಂಚು ಬೇಡ.

ಉಪ್ಪು ಕಡಿಮೆಯೋ ಎಂದು ನೋಡಲು ತೂಗಿ. 50 ಮಿ.ಲೀ. ಉಪ್ಪುನೀರು 55 ಗ್ರಾಂ ದಾಟಿದ್ದರೆ ಸಾಕು. ದಾಟದಿದ್ದರೆ ಇನ್ನೂ ಉಪ್ಪು ಬೇಕು. 100 ಮಿ.ಲೀ. ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಹಾಕಿದ್ದು ತಳದಲ್ಲೇ ಉಳಿಯುತ್ತದೆ. ಇಲ್ಲಿ ಚಮಚದ ಲೆಕ್ಕ ಮೋಸ ಮಾಡುತ್ತದೆ. ಒಂದು ಚಮಚ ಪುಡಿ ಉಪ್ಪು ಮತ್ತು ಒಂದು ಚಮಚ ಕಲ್ಲುಪ್ಪು ಒಂದೇ ತೂಕ ಅಲ್ಲ, ಮೇಲಿಂದ ಕಲ್ಲುಪ್ಪು ಕರಗಲು ಹೊತ್ತು ಹಿಡಿಯುತ್ತದೆ. ಅರ್ಧ ಕರಗಿದ ನೀರನ್ನು ಮೇಲಿಂದ ಬಸಿದು ಹಾಕಿದರೆ ಅದು ತೆಳು ಉಪ್ಪುನೀರೇ. ಬಿಸಿನೀರಿನಲ್ಲಿ ಕರಗಿಸಿ, ಪೂರ್ತಿ ತಣಿದ ಮೇಲೆ ಬಳಸಿ.

ಇನ್ನು ಸುರಿಯುವುದು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಮಕ್ಕಳಿಗೆ "ಮೆಲ್ಲ ಹಾಕು" ಅಂದರೆ ಎಷ್ಟು ಮೆಲ್ಲ ಎಂದು ಗೊತ್ತಾಗುವುದಿಲ್ಲ.

"ಟೀಚರ್, ನಾನು ಮೆಲ್ಲವೇ ಹಾಕಿದ್ದು."

"ಹೇಗೆ ಹಾಕಿದ್ದು? ಇನ್ನೊಂದು ಸಲ ಹಾಕು, ನೋಡುವ."

ಹಾಕಿದಾಗ ಗೊತ್ತಾಗುತ್ತದೆ, ನೀರು ಮೆಲ್ಲವೇ ಬೀಳುತ್ತದೆ, ಆದರೆ ಗೇಣುದ್ದ ಮೇಲಿಂದ. ಹನಿ ಸಣ್ಣದಾದರೂ ಎತ್ತರದಿಂದ ಬಿದ್ದರೆ ಗಡಿ ತೂತಾಗುತ್ತದೆ. ಚಮಚವನ್ನು ಬೋರಲು ಹಿಡಿದು, ಅದರ ತುದಿ ಲೋಟದ ಗೋಡೆಗೆ ತಾಗಿ, ಬೆನ್ನು ಕೆಳಗಿನ ದ್ರವಕ್ಕೆ ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು. ನೀರು ಚಮಚದ ಬೆನ್ನ ಮೇಲೆ ಬಿದ್ದು, ಗೋಡೆಗೆ ತಾಗಿ, ಹರಡಿಕೊಂಡು ಇಳಿಯಬೇಕು. ಮಟ್ಟ ಏರಿದಂತೆ ಚಮಚವೂ ಏರಬೇಕು. ಬೆರಳ ದಪ್ಪ ನೀರು ನಿಂತ ಮೇಲೆ ಸ್ವಲ್ಪ ವೇಗವಾಗಿ ಹಾಕಿದರೂ ತೊಂದರೆಯಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಮೊದಲು ಜೇನು, ಅದರ ಮೇಲೆ ಬರೀ ನೀರು ಹಾಕಿ. ಆಮೇಲೆ ಒಂದು ಕೊಳವೆಯನ್ನು ಜೇನಿನ ಮಟ್ಟದವರೆಗೆ ಇಳಿಸಿ, ಅದರ ಮೂಲಕ ಉಪ್ಪುನೀರನ್ನು ಕೆಳಗೆ ಬಿಡಿ. ಭಾರದ್ದು ಕೆಳಗಿಂದ ಹರಡಿಕೊಂಡು ಹಗುರದ್ದನ್ನು ಮೇಲೆತ್ತುತ್ತದೆ. ಗಡಿ ಚಾಕುವಿನಿಂದ ಕೊಯ್ದಷ್ಟು ಚೊಕ್ಕವಾಗಿ ಬರುತ್ತದೆ. ಕೊಳವೆಗೆ ಸಿರಿಂಜ್ ಸಿಕ್ಕಿಸಿದ ತೆಳು ಟ್ಯೂಬ್ ಆಗುತ್ತದೆ. ಇಲ್ಲದಿದ್ದರೆ ಹಿತ್ತಲಿನ ಪಪ್ಪಾಯಿ ಎಲೆಯ ದಂಟು ಇದೆ. ಅದರ ಹಾಲು ಕೈಗೆ ತಾಗಿದರೆ ತುರಿಸಬಹುದು, ಹಾಗಾಗಿ ಕೊಯ್ದು ಒಳಗೂ ಹೊರಗೂ ಚೆನ್ನಾಗಿ ತೊಳೆದು ಬಳಸಿ. ಕೊಳವೆ ತೆಗೆಯುವಾಗ ಮೇಲಿನ ತೂತನ್ನು ಬೆರಳಿಂದ ಒತ್ತಿ ಹಿಡಿದೇ ಎತ್ತಬೇಕು. ಇಲ್ಲದಿದ್ದರೆ ಒಳಗೆ ಉಳಿದ ಕೆಂಪುನೀರು ದಾರಿಯುದ್ದಕ್ಕೂ ಸುರಿದು ಮಾಡಿದ್ದೆಲ್ಲ ಹಾಳಾಗುತ್ತದೆ. ಎಣ್ಣೆ ಕೊನೆಗೆ.

ದೋಷ: ಎಣ್ಣೆಗೂ ನೀರಿಗೂ ನಡುವೆ ಬಿಳಿ ಮಬ್ಬು

ಇದು ಸೋಪು. ಲೋಟ ತೊಳೆದ ಸೋಪು ಸರಿಯಾಗಿ ಹೋಗಿಲ್ಲ, ಅಥವಾ ಪಾತ್ರೆ ತೊಳೆಯುವ ದ್ರವವನ್ನೂ ಒಂದು ಪದರವಾಗಿ ಹಾಕಿ ಅದು ಕದಡಿದೆ. ಸೋಪಿನ ಕೆಲಸವೇ ಎಣ್ಣೆಯನ್ನು ಸಣ್ಣ ಸಣ್ಣ ಹನಿ ಮಾಡಿ ನೀರಿನಲ್ಲಿ ಹಿಡಿದಿಡುವುದು. ಖಚಿತ ಮಾಡಿಕೊಳ್ಳಲು ಅದೇ ಎಣ್ಣೆ, ಅದೇ ನೀರನ್ನು ಬೇರೆ ಶುದ್ಧ ಬಾಟಲಿಯಲ್ಲಿ ಹಾಕಿ ಜೋರಾಗಿ ಕುಲುಕಿ. ಸ್ವಲ್ಪ ಹೊತ್ತಿನಲ್ಲಿ ಎಣ್ಣೆ ಬೇರೆಯಾಗಿ ಮೇಲೆ ಬಂದರೆ ಎಣ್ಣೆಯೂ ಸರಿ, ನೀರೂ ಸರಿ, ಲೋಟದ್ದೇ ತಪ್ಪು. ಪುನರ್ಪುಳಿಯ ಕೆಂಪು ಮಂಕಾಗಿ ನೀಲಿ ಕಡೆ ತಿರುಗಿದ್ದರೂ ಸೋಪಿನ ಮೇಲೆಯೇ ಅನುಮಾನ ಪಡಿ. ಆ ಬಣ್ಣ ಹುಳಿ ಇದ್ದಾಗ ಮಾತ್ರ ಕೆಂಪು.

ದೋಷ: ಎರಡು ಎಣ್ಣೆ ಹಾಕಿದರೂ ಒಂದೇ ಪದರ, ಸ್ಪಿರಿಟ್ ಹಾಕಿದರೆ ಕಾಣೆ

ತೆಂಗಿನೆಣ್ಣೆಯ ಮೇಲೆ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಾಕಿ ಐದನೇ ಪದರ ಮಾಡಲು ಹೊರಡುವವರಿದ್ದಾರೆ. ಸೀಮೆಎಣ್ಣೆ ಹಗುರ ಹೌದು, 50 ಮಿ.ಲೀ. ತೂಗಿದರೆ 40 ಗ್ರಾಂ ಹತ್ತಿರ. ಎರಡನೇ ಪ್ರಶ್ನೆಗೆ ಉತ್ತರ ಸರಿ. ಮೊದಲನೇ ಪ್ರಶ್ನೆ ಕೇಳಲು ಮರೆತಿರುತ್ತಾರೆ. ಎಣ್ಣೆಗೆ ಎಣ್ಣೆ ಬೆರೆಯುತ್ತದೆ. ಎಳ್ಳೆಣ್ಣೆ, ತೆಂಗಿನೆಣ್ಣೆ ಸೇರಿಸಿದರೂ ಅದೇ ಕಥೆ. ಅದಲ್ಲದೆ ಚಿಮಿಣಿ ಎಣ್ಣೆ ಮಕ್ಕಳ ಕೈಗೆ ಕೊಡುವ ವಸ್ತು ಅಲ್ಲವೇ ಅಲ್ಲ. ಬಾಯಿಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಅದನ್ನು ಪಟ್ಟಿಯಿಂದ ತೆಗೆದುಬಿಡಿ.

ಸ್ಪಿರಿಟ್, ಸ್ಯಾನಿಟೈಸರ್ ಕೂಡ ನೀರಿಗಿಂತ ಹಗುರ, ಆದರೆ ನೀರಿನಲ್ಲಿ ಸಲೀಸಾಗಿ ಬೆರೆಯುತ್ತವೆ. ಎಣ್ಣೆಯ ಪದರ ದಾಟಿ ಒಂದು ಹನಿ ಕೆಳಗಿಳಿದರೆ ಮುಗಿಯಿತು. ಬೇಗ ಬೆಂಕಿ ಹಿಡಿಯುವ ವಸ್ತುವೂ ಹೌದು. ನಾಲ್ಕು ಪದರ ಸಾಕು.

ದೋಷ: ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿದೆ

ತೆಂಗಿನ ಸಂಶೋಧನೆಗೆ 1916ರಲ್ಲೇ ಕೇಂದ್ರ ತೆರೆದ ಊರು ಕಾಸರಗೋಡು. ಇಲ್ಲಿ ತೆಂಗಿನೆಣ್ಣೆ ಇಲ್ಲದ ಮನೆ ಹುಡುಕುವುದು ಕಷ್ಟ. ಆ ಎಣ್ಣೆ ಸುಮಾರು 24–25 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್, ಜನವರಿಯ ಬೆಳಿಗ್ಗೆ ಬಾಟಲಿ ಬೆಳ್ಳಗಾಗುವುದು ನಮಗೆಲ್ಲ ಗೊತ್ತಿರುವುದೇ. ಮೊದಲ ಪೀರಿಯಡಿಗೆ ಪ್ರಯೋಗ ಇಟ್ಟುಕೊಂಡರೆ ಈ ತೊಂದರೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ.

ಆದರೆ ಕರಗಿಸುವ ಮೊದಲು ಒಂದು ಕ್ಷಣ ನಿಲ್ಲಿ. ಅರ್ಧ ಕರಗಿದ ಬಾಟಲಿಯನ್ನು ಮಕ್ಕಳಿಗೆ ತೋರಿಸಿ. ಬಿಳಿ ಗಟ್ಟಿ ಎಲ್ಲಿದೆ? ತಳದಲ್ಲಿ. ತಿಳಿ ಎಣ್ಣೆ ಮೇಲೆ. ನೀರಿನಲ್ಲಾದರೆ ಮಂಜುಗಡ್ಡೆ ಮೇಲೆ ತೇಲುತ್ತದೆ, ಇಲ್ಲಿ ಗಟ್ಟಿ ಎಣ್ಣೆ ಮುಳುಗುತ್ತದೆ. ಹೆಚ್ಚಿನ ವಸ್ತುಗಳು ಗಟ್ಟಿಯಾದಾಗ ಕುಗ್ಗಿ, ಅದೇ ಅಳತೆಗೆ ಜಾಸ್ತಿ ತೂಗುತ್ತವೆ. ನೀರು ಗಟ್ಟಿಯಾದಾಗ ಹಿಗ್ಗುತ್ತದೆ. ಇಷ್ಟು ದೊಡ್ಡ ಸಂಗತಿ ಬಚ್ಚಲಮನೆಯ ಎಣ್ಣೆ ಬಾಟಲಿಯಲ್ಲಿ ದಿನಾ ನಡೆಯುತ್ತಿದೆ, ನಾವು ಬಿಸಿಲಿಗಿಟ್ಟು ಮರೆಯುತ್ತೇವೆ.

ಇದರ ಜೊತೆಗೇ ಬರುವ ಇನ್ನೊಂದು ಪೇಚಾಟ: ಎಣ್ಣೆಯಲ್ಲಿ ಐಸ್ ತುಂಡು ಹಾಕಿದರೆ ಒಮ್ಮೆ ತೇಲುತ್ತದೆ, ಒಮ್ಮೆ ಮುಳುಗುತ್ತದೆ. ಐಸಿನ ಸಾಂದ್ರತೆ ಮಿ.ಲೀ.ಗೆ 0.917 ಗ್ರಾಂ. ತೆಂಗಿನೆಣ್ಣೆಯದ್ದು 0.92ರ ಸುತ್ತಮುತ್ತ. ಎರಡೂ ಪಕ್ಕಪಕ್ಕದಲ್ಲಿವೆ. ಐಸಿನೊಳಗೆ ಎಷ್ಟು ಗಾಳಿಗುಳ್ಳೆ ಇದೆ, ಎಣ್ಣೆ ಎಷ್ಟು ಬಿಸಿ ಇದೆ ಅನ್ನುವುದರ ಮೇಲೆ ಫಲ ಬದಲಾಗುತ್ತದೆ. ತೆಂಗಿನೆಣ್ಣೆಯಲ್ಲಾದರೆ ಐಸಿನ ಸುತ್ತ ಎಣ್ಣೆ ಗಟ್ಟಿಯಾಗಿ ಬಿಳಿ ಅಂಗಿ ತೊಟ್ಟುಕೊಳ್ಳುತ್ತದೆ, ಆಗ ಲೆಕ್ಕ ಇನ್ನೂ ಏರುಪೇರು. "ಐಸ್ ತೇಲಲೇಬೇಕು" ಎಂದು ಮೊದಲೇ ಹೇಳಿಟ್ಟರೆ ಮಕ್ಕಳ ಮುಂದೆ ಸಿಕ್ಕಿಬೀಳುತ್ತೀರಿ. ಏನೂ ಹೇಳದೆ ಎಳ್ಳೆಣ್ಣೆಯಲ್ಲಿ ಹಾಕಿಸಿ, ಕರಗಿದ ನೀರು ಮುತ್ತಿನಂತೆ ಉರುಳಿ ಕೆಳಗಿಳಿಯುವುದನ್ನು ನೋಡಲು ಬಿಡಿ. ಅದು ಮಾತ್ರ ಎಂದೂ ತಪ್ಪುವುದಿಲ್ಲ.

ದೋಷ: ಜೇನು ತಳದಲ್ಲಿ ಕೂರುತ್ತಿಲ್ಲ, ಗೋಡೆಗೆಲ್ಲ ಅಂಟಿದೆ

ಲೋಟದ ಗೋಡೆಗೆ ತಾಗದ ಹಾಗೆ ನಡುವಿಗೆ ಬಿಡಿ, ಮೇಲಿನದ್ದನ್ನು ಹಾಕುವ ಮೊದಲು ಸಮತಟ್ಟಾಗಲು ಬಿಡಿ. ಸಕ್ಕರೆ ಕಟ್ಟಿದ ಜೇನಾದರೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಮುಜಂಟಿ (ಕುಟುಕದ ಸಣ್ಣ ಜೇನುನೊಣದ) ಜೇನು ತಂದವರಿದ್ದರೆ ಅದು ನೀರು ನೀರಾಗಿರುತ್ತದೆ. ತೂಗಿದಾಗ 70ಕ್ಕೆ ಮುಟ್ಟದೆ ಕೆಳಗೇ ನಿಂತರೆ ಗಾಬರಿ ಬೇಡ, ಆ ಜೇನಿನಲ್ಲಿ ನೀರಿನಂಶ ಸಹಜವಾಗಿಯೇ ಜಾಸ್ತಿ. ನಿಜ ಹೇಳಬೇಕೆಂದರೆ ಅಷ್ಟು ಬೆಲೆಯ ಜೇನನ್ನು ಪ್ರಯೋಗಕ್ಕೆ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಜೇನಿನ ಬದಲು ಸಕ್ಕರೆ ಪಾಕ ಸಾಕು. ತೂಕದಲ್ಲಿ ಎರಡು ಪಾಲು ಸಕ್ಕರೆ, ಒಂದು ಪಾಲು ನೀರು. ಕಾಯಿಸಿ ತಣಿಸಿದರೆ 50 ಮಿ.ಲೀ.ಗೆ 66 ಗ್ರಾಂ ಹತ್ತಿರ ಬರುತ್ತದೆ. ಉಪ್ಪುನೀರಿನ ಕೆಳಗೆ ಆರಾಮವಾಗಿ ಕೂರುತ್ತದೆ.

ಇಲ್ಲಿ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ನೀರಿನಲ್ಲಿ ಮುಳುಗಿದರೆ ಅಸಲಿ ಜೇನು ಅಂತ ಅಜ್ಜಿ ಹೇಳ್ತಾರಲ್ಲ?" ಉತ್ತರ ಹೇಳಬೇಡಿ. ಎರಡು ಲೋಟ ನೀರು ಇಟ್ಟು ಒಂದಕ್ಕೆ ಜೇನು, ಇನ್ನೊಂದಕ್ಕೆ ಗಟ್ಟಿ ಪಾಕ ಬಿಡಿಸಿ. ಎರಡೂ ಮುಳುಗುತ್ತವೆ, ಎರಡೂ ತಳದಲ್ಲಿ ನಿಲ್ಲುತ್ತವೆ. ಪಾಕ ಬೆರೆಸಿದ ಜೇನೂ ಹಾಗೇ ಮುಳುಗುತ್ತದೆ. ಲೋಟದ ನೀರಿನಿಂದ ಜೇನಿನ ಅಸಲಿತನ ತಿಳಿಯಲು ಆಗುವುದಿಲ್ಲ ಎಂದು ಅವರೇ ಮನೆಗೆ ಹೋಗಿ ಅಜ್ಜಿಗೆ ಮಾಡಿ ತೋರಿಸಲಿ.

ದೋಷ: ಮೊಟ್ಟೆ ತೇಲುತ್ತಿಲ್ಲ, ಅಥವಾ ಬರೀ ನೀರಿನಲ್ಲೇ ತೇಲುತ್ತಿದೆ

ತೇಲದಿದ್ದರೆ ಉಪ್ಪು ಕಡಿಮೆ, ಅಷ್ಟೆ. 200 ಮಿ.ಲೀ. ನೀರಿಗೆ 25ರಿಂದ 30 ಗ್ರಾಂ ಉಪ್ಪು ಬೇಕು. ಮಕ್ಕಳು ಒಂದೊಂದೇ ಚಿಟಿಕೆ ಹಾಕಿ ಬೇಸರಪಡುತ್ತಾರೆ. ಬರೀ ನೀರಿನಲ್ಲೇ ತೇಲಿದರೆ ಮೊಟ್ಟೆ ಹಳೆಯದು. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಒಳಗಿನ ನೀರಿನಂಶ ಹೋಗಿ ಆ ಜಾಗಕ್ಕೆ ಗಾಳಿ ಬಂದಿರುತ್ತದೆ. ಹಾಗಾಗಿ ಮೊದಲು ಬರೀ ನೀರಿನಲ್ಲಿ ಮುಳುಗುತ್ತದೆಯೇ ಎಂದು ನೋಡಿಯೇ ಶುರು ಮಾಡಿ.

ಮೊಟ್ಟೆ ಒಳಗೆ ತರದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಹಸಿ ಬಟಾಟೆಯ ತುಂಡು ಬಳಸಿ. ಬರೀ ನೀರಿನಲ್ಲಿ ಮುಳುಗುತ್ತದೆ, ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ. ಕೆಳಗೆ ಉಪ್ಪುನೀರು, ಮೇಲೆ ಬರೀ ನೀರು ನಿಲ್ಲಿಸಿದ ಲೋಟಕ್ಕೆ ಆ ತುಂಡನ್ನು ಬಿಟ್ಟರೆ ನಟ್ಟನಡುವೆ ನಿಲ್ಲುತ್ತದೆ. ಕಣ್ಣಿಗೆ ಕಾಣದ ಗಡಿ ಎಲ್ಲಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ದೋಷ: ಬಣ್ಣ ಹಿಡಿಯುತ್ತಿಲ್ಲ

ಎಣ್ಣೆಗೆ ಅಂಗಡಿಯ ಆಹಾರದ ಬಣ್ಣ ಹಿಡಿಯುವುದಿಲ್ಲ, ಗುಂಡಾಗಿ ಕೆಳಗಿಳಿಯುತ್ತದೆ. ಅರಿಶಿನ ಹಿಡಿಯುತ್ತದೆ. ಬೆರೆಸಿ ಸ್ವಲ್ಪ ಹೊತ್ತು ಬಿಟ್ಟು ಮೇಲಿನ ತಿಳಿ ಮಾತ್ರ ತೆಗೆದುಕೊಳ್ಳಿ. ನೀರಿಗೆ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು ಒಳ್ಳೆಯದು. ಕುಂಕುಮ ಬೇಡ, ತಳ ಹಿಡಿಯುತ್ತದೆ.

ದೋಷ: ಬಿಸಿನೀರು, ತಣ್ಣೀರು ಪದರವಾಗುತ್ತಿಲ್ಲ

ವ್ಯತ್ಯಾಸ ಸಾಲದು. ಏಪ್ರಿಲಿನಲ್ಲಿ ನಮ್ಮ ನಲ್ಲಿಯ "ತಣ್ಣೀರು" ಕೂಡ ಬೆಚ್ಚಗೇ ಇರುತ್ತದೆ. ಒಂದು ಕಡೆ ಐಸ್ ಹಾಕಿ ತಣಿಸಿದ್ದು, ಇನ್ನೊಂದು ಕಡೆ 60 ಡಿಗ್ರಿಯದ್ದು ಇದ್ದರೂ ಸಾಂದ್ರತೆಯ ವ್ಯತ್ಯಾಸ ನೂರಕ್ಕೆ ಎರಡೂ ಇಲ್ಲ. ದೊಡ್ಡವರೇ ಕೊಳವೆಯಿಂದ ತಣ್ಣೀರನ್ನು ಕೆಳಗೆ ಬಿಡಬೇಕು.

ಲೋಟದಲ್ಲಿ ಎಲ್ಲ ಸರಿ, ಮಗುವಿನ ಉತ್ತರ ತಪ್ಪು

ಪದರ ಚೆನ್ನಾಗಿ ನಿಂತಿದೆ. "ಜೇನು ಯಾಕೆ ಕೆಳಗಿದೆ?" ಎಂದು ಕೇಳಿ. "ಅದು ದಪ್ಪ ಅಲ್ವಾ ಟೀಚರ್" ಎಂಬ ಉತ್ತರ ಬರುತ್ತದೆ. ಹೆಚ್ಚಿನವರು ಇದನ್ನು ಸರಿಯುತ್ತರ ಎಂದು ದಾಟಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಪ್ರಯೋಗದ ಅತಿ ದೊಡ್ಡ ದೋಷ ಇದೇ. ಲೋಟ ಸುಂದರವಾಗಿ ಬಂದಷ್ಟೂ ಈ ತಪ್ಪು ಗಟ್ಟಿಯಾಗುತ್ತದೆ. ಯಾಕೆಂದರೆ ನಾವು ಆರಿಸಿದ ಜೇನು ದಪ್ಪವೂ ಹೌದು, ಭಾರವೂ ಹೌದು. ಕೆಳಗೆ ಹೋಗಿದ್ದು ಯಾವ ಗುಣದಿಂದ ಎಂದು ಲೋಟ ಹೇಳುವುದಿಲ್ಲ.

ಇದಕ್ಕೆ ಮದ್ದು ಹರಳೆಣ್ಣೆ. ಅದನ್ನು ಚಮಚದಿಂದ ಬಿಡಿಸಿ ನೋಡಿ, ಜೇನಿನ ಹಾಗೆ ಎಳೆಯಾಗಿ ಇಳಿಯುತ್ತದೆ. ಈಗ ನೀರಿನ ಲೋಟಕ್ಕೆ ಹಾಕುವ ಮೊದಲು ಪ್ರತಿ ಮಗುವೂ ಮೇಲೋ ಕೆಳಗೋ ಎಂದು ಪುಸ್ತಕದಲ್ಲಿ ಬರೆದಿಡಲಿ. ಆಮೇಲೆ ಹಾಕಿ. ಹರಳೆಣ್ಣೆ ಮೇಲೆ ಬಂದು ನಿಲ್ಲುತ್ತದೆ. ತೂಗಿದರೆ 50 ಮಿ.ಲೀ.ಗೆ 48 ಗ್ರಾಂ. ಆಗ ತರಗತಿಯಲ್ಲಿ ಎದ್ದೇಳುವ ಗಲಾಟೆ ನನಗೆ ತುಂಬಾ ಇಷ್ಟ. ಬರೆದಿಟ್ಟದ್ದನ್ನು ಅಳಿಸಲು ಬಿಡಬೇಡಿ. ಪಕ್ಕದಲ್ಲಿ ಯಾಕೆ ಎಂದು ಬರೆಯಲಿ.

ಮನೆಯಲ್ಲಿ ನೋಡಲು ಇನ್ನೂ ಎರಡಿವೆ. ತೆಂಗಿನಹಾಲು ಹಿಂಡಿ ಸುಮ್ನೆ ಇಟ್ಟರೆ ದಪ್ಪ ಭಾಗ ಮೇಲೆ, ನೀರು ಕೆಳಗೆ. ಹಾಲಿನ ಕೆನೆಯೂ ಮೇಲೆಯೇ. ಕೊಬ್ಬು ನೀರಿಗಿಂತ ಹಗುರ. ಇದೇ ಕಾರಣಕ್ಕೆ ಹಾಲು ಸೊಸೈಟಿಯಲ್ಲಿ ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಒಂದರಿಂದಲೇ ತೀರ್ಪು ಕೊಡಲು ಆಗುವುದಿಲ್ಲ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ, ಎರಡನ್ನೂ ಮಾಡಿದರೆ ಅಳತೆ ಸರಿಯಾಗೇ ಕಾಣಬಹುದು. ಕೊಬ್ಬನ್ನು ಬೇರೆಯಾಗಿ ಪರೀಕ್ಷಿಸುವುದು ಅದಕ್ಕೇ. ಏಳನೇ ತರಗತಿಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ತಪ್ಪು ಉತ್ತರ: "ಜಾಸ್ತಿ ಹಾಕಿದ್ದು ಕೆಳಗೆ ಹೋಗುತ್ತದೆ." ಇದಕ್ಕೆ ಲೋಟ ತುಂಬಾ ಎಣ್ಣೆ ಇಟ್ಟು ಒಂದೇ ಹನಿ ಬಣ್ಣದ ನೀರು ಬಿಡಿಸಿ. ಹನಿ ಇಳಿಯುತ್ತದೆ. ಆಮೇಲೆ ಲೋಟ ತುಂಬಾ ನೀರಿನ ತಳಕ್ಕೆ ಸಿರಿಂಜಿನಿಂದ ಒಂದು ಹನಿ ಎಣ್ಣೆ ಬಿಡಿಸಿ. ಹನಿ ಏರುತ್ತದೆ. ಮಾತೇ ಬೇಕಾಗುವುದಿಲ್ಲ.

ದೋಷ: ಮಕ್ಕಳು ಮಾಡಿದ ತೇಲುಕಡ್ಡಿ ವ್ಯತ್ಯಾಸ ತೋರಿಸುತ್ತಿಲ್ಲ

ಪದರ ಮುಗಿದ ಮೇಲೆ ಚುರುಕಾದ ಮಕ್ಕಳು ದ್ರವದ ಸಾಂದ್ರತೆ ಅಳೆಯುವ ಸಾಧನವನ್ನೇ ಮಾಡಲು ಹೊರಡುತ್ತಾರೆ. ಖಾಲಿ ಪೆನ್ನಿನ ಕೊಳವೆಯ ಒಂದು ತುದಿಗೆ ಮೇಣ ತುಂಬಿ, ಸಣ್ಣ ಮೊಳೆ ಹಾಕಿ, ನೀರಿನಲ್ಲಿ ನೆಟ್ಟಗೆ ತೇಲಿಸುವುದು. ಕಾಗದದ ಸ್ಟ್ರಾ ಬಳಸಿದರೆ ನೆನೆದು ಮುಳುಗುತ್ತದೆ, ಅದು ಬೇಡ. ಗಟ್ಟಿ ಉಪ್ಪುನೀರಿನಲ್ಲಿ ಇದು ಚೆನ್ನಾಗಿ ಮೇಲೇಳುತ್ತದೆ. ಆದರೆ ಕುಂಬಳೆಯೋ ಉಪ್ಪಳವೋ ಕಡೆಯ ಮಕ್ಕಳು ಕಡಲ ನೀರು ತಂದು ಹಾಕಿದರೆ ಏರಿದ್ದೇ ಗೊತ್ತಾಗುವುದಿಲ್ಲ, ಸಾಧನ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಕೆಟ್ಟಿಲ್ಲ. ಕಡಲ ನೀರಿನ ಸಾಂದ್ರತೆ 1.025ರ ಹತ್ತಿರ, ಅಂದರೆ ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಮಾತ್ರ ಜಾಸ್ತಿ. ಪೆನ್ನು ನೀರಿನೊಳಗೆ 10 ಸೆಂಟಿಮೀಟರ್ ಇದ್ದರೆ ಅದು ಏರುವುದು ಎರಡೂವರೆ ಮಿಲಿಮೀಟರ್. ಅಷ್ಟನ್ನು ಕಣ್ಣು ಹಿಡಿಯುವುದಿಲ್ಲ. ಪರಿಹಾರ: 30 ಮಿ.ಲೀ.ಯ ಚಿಕ್ಕ ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಪೆನ್ನಿನ ಕೊಳವೆ ಸಿಕ್ಕಿಸಿ, ಮೇಣದಿಂದ ಮುಚ್ಚಿ. ಬಾಟಲಿ ಪೂರ್ತಿ ಮುಳುಗಿ, ಕೊಳವೆ ಮಾತ್ರ ಅರ್ಧ ಹೊರಗೆ ನಿಲ್ಲುವಷ್ಟು ಮೊಳೆ ತುಂಬಿ. ಈಗ ಬಾಟಲಿಯ ಹೊಟ್ಟೆ ದೊಡ್ಡದು, ಕೊಳವೆ ಸಣ್ಣದು. ಅದೇ ಕಡಲ ನೀರಿನಲ್ಲಿ ಕೊಳವೆ ಎರಡು ಸೆಂಟಿಮೀಟರ್ ಹತ್ತಿರ ಏರುತ್ತದೆ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಸುಳ್ಳು ಅಳತೆ ಬರುತ್ತದೆ, ಬೆರಳಿಂದ ಒರೆಸಿ ಬಿಡಿ.

ಈ ಸಾಧನ ಕೈಗೆ ಬಂದರೆ ಕೆಲಸ ಬೇಕಾದಷ್ಟಿದೆ. ಚಂದ್ರಗಿರಿ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಯ ಹತ್ತಿರ ಸಿಹಿನೀರು ಮೇಲೆ, ಕಡಲ ನೀರು ಕೆಳಗೆ ನುಗ್ಗುತ್ತದೆ. ದೊಡ್ಡವರು ದೋಣಿಯಿಂದ ಮೇಲಿನ ನೀರು ಒಂದು ಬಾಟಲಿ, ತಳದ ನೀರು ಒಂದು ಬಾಟಲಿ ತಂದುಕೊಟ್ಟರೆ ಮಕ್ಕಳು ಅಳೆಯಬಹುದು. ಮಕ್ಕಳನ್ನು ಅಳಿವೆಗೆ ಇಳಿಸುವುದು ಬೇಡ. ಕಡಲ ಬದಿಯ ಬಾವಿಗಳಲ್ಲೂ ಹೀಗೇ, ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿದೆ. ಲೆಕ್ಕದ ಪ್ರಕಾರ ಕಡಲ ಮಟ್ಟದಿಂದ ಒಂದು ಮೀಟರ್ ಮೇಲೆ ಸಿಹಿನೀರು ಇದ್ದರೆ, ಅದರ ಕೆಳಗೆ 40 ಮೀಟರ್ ಆಳದವರೆಗೂ ಸಿಹಿನೀರು. ಬೇಸಗೆಯಲ್ಲಿ ಪಂಪು ಹಾಕಿ ಮೇಲಿನ ಒಂದು ಗೇಣು ಇಳಿಸಿದರೂ ಕೆಳಗಿಂದ ಉಪ್ಪು ಎಷ್ಟು ಮೇಲೇರಬಹುದು ಎಂದು ಮಕ್ಕಳೇ ಗುಣಿಸಲಿ.

ಬಾವಿ ನೀರು ನಾಲಿಗೆಗೆ ಉಪ್ಪೆನಿಸಿದರೂ ಕೊಳವೆ ಒಂದೆರಡು ಮಿಲಿಮೀಟರ್ ಮಾತ್ರ ಅಲುಗಬಹುದು. ಆಗ ಇನ್ನೂ ಸಣ್ಣ ಕೊಳವೆ, ಇನ್ನೂ ದೊಡ್ಡ ಬಾಟಲಿ ಹಾಕಿ ನೋಡಿ. ಏಪ್ರಿಲಿನಲ್ಲಿ ಒಂದು ಗೆರೆ, ಮಳೆ ಹಿಡಿದ ಮೇಲೆ ಜುಲೈಯಲ್ಲಿ ಇನ್ನೊಂದು ಗೆರೆ ಅದೇ ಕೊಳವೆಯ ಮೇಲೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಎರಡು ಸಲವೂ ನೀರನ್ನು ತರಗತಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ಒಂದೇ ಬಿಸಿಗೆ ತಂದ ಮೇಲೆಯೇ ಅಳೆಯಿರಿ.